ಎಪ್ಪತ್ತಮೂರು ರೇಷ್ಮೆ ಎಳೆಗಳು

1991ರಲ್ಲಿ ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದೆ. ವಯಸ್ಸು ಮೂವತ್ತಮೂರು, ಕೋಪ ಮೂಗಿನ ತುದಿಯಲ್ಲಿ, ನನ್ನಷ್ಟು ಬುದ್ಧಿವಂತರು ಆ ಕಟ್ಟಡದಲ್ಲಿ ಇನ್ನೊಬ್ಬರೋ ಇಬ್ಬರೋ ಇರಬಹುದು ಎಂಬ ಅಂದಾಜು. ನಿವೃತ್ತಿಯಾದ ಮೇಲೆ ಸಭೆಗಳಿಗೆ ಕರೆದು ಅನುಭವ ಹೇಳಿ ಎನ್ನುವವರಿಗೆ ಉಪಗ್ರಹದ ಕಥೆ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ. ದೊಡ್ಡಬಳ್ಳಾಪುರದ ಚೌಡಪ್ಪನವರ ಸಂಗತಿಯನ್ನು ಮಾತ್ರ ಎಲ್ಲಿಯೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ.

ಮೊದಲು ನನ್ನ ಕೆಲಸ ಏನಿತ್ತು ಎಂಬುದು ತಿಳಿಯಬೇಕು. ನೆಲದಿಂದ ಸುಮಾರು ಹದಿನೇಳು ಕಿಲೋಮೀಟರ್ ಮೇಲಕ್ಕೆ ಹೋದರೆ ನಮ್ಮ ಸೀಮೆಯಲ್ಲಿ ಮೋಡಗಳ ಕಾರುಬಾರು ಮುಗಿಯುತ್ತದೆ. ಅದರಾಚೆಗಿನದು ಸ್ಟ್ರಾಟೋಸ್ಫಿಯರ್, ವಾಯುಮಂಡಲದ ಎರಡನೆಯ ಅಂತಸ್ತು. ಓಜೋನ್ ಹೆಚ್ಚಾಗಿ ಇರುವುದು ಅಲ್ಲಿ. ಏರೋಸಾಲ್ ಎಂದು ಕರೆಯುವ ಅತಿ ಸಣ್ಣ ಹನಿಗಳೂ ಅಲ್ಲಿ ತೇಲುತ್ತಿರುತ್ತವೆ. ಯಾವ ಎತ್ತರದಲ್ಲಿ ಯಾವುದು ಎಷ್ಟಿದೆ ಎಂಬ ಪಟ್ಟಿಗೆ ಪ್ರೊಫೈಲ್ ಎಂದು ಹೆಸರು. ಒಂದು ವಿದೇಶಿ ಉಪಗ್ರಹವಿತ್ತು. ಅದು ಭೂಮಿಯನ್ನು ಸುತ್ತುತ್ತಾ ದಿನಕ್ಕೆ ಹದಿನೈದು ಸಲ ಸೂರ್ಯ ಮುಳುಗುವುದನ್ನು, ಹದಿನೈದು ಸಲ ಹುಟ್ಟುವುದನ್ನು ನೋಡುತ್ತಿತ್ತು. ಭೂಮಿಯ ಅಂಚಿನ ಗಾಳಿಯನ್ನು ತೂರಿಕೊಂಡು ಬರುವ ಬಿಸಿಲು ಎಷ್ಟು ಮಂಕಾಯಿತು ಎಂದು ಅಳೆಯುತ್ತಿತ್ತು. ಆ ಮಂಕಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ, ಈರುಳ್ಳಿ ಸುಲಿದ ಹಾಗೆ ಮೇಲಿನ ಪದರದಿಂದ ಶುರುಮಾಡಿ ಒಂದೊಂದೇ ಪದರದ ಓಜೋನ್, ಏರೋಸಾಲ್ ಪ್ರಮಾಣವನ್ನು ಹೊರತೆಗೆಯುವುದು ನನ್ನ ಪಾಲಿನ ಕೆಲಸ. ಇದನ್ನು ರಿಟ್ರೀವಲ್ ಎನ್ನುತ್ತಾರೆ.

ಈ ಲೆಕ್ಕಕ್ಕೆ ಒಂದು ವಿಚಿತ್ರ ಗುಣವಿದೆ. ಶುರು ಮಾಡುವ ಮುಂಚೆ, ಉತ್ತರ ಸುಮಾರಾಗಿ ಹೀಗಿರಬಹುದು ಎಂದು ಒಂದು ಮೊದಲ ಊಹೆ ಕೊಡಬೇಕು. ಅಳತೆ ಗಟ್ಟಿಯಾಗಿದ್ದರೆ ಅದು ನಿಮ್ಮ ಊಹೆಯನ್ನು ತಿದ್ದುತ್ತದೆ. ಅಳತೆ ದುರ್ಬಲವಾಗಿದ್ದರೆ ನೀವು ಕೊಟ್ಟ ಊಹೆಯೇ ಉತ್ತರದ ವೇಷ ಹಾಕಿಕೊಂಡು ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ನನಗೆ ಇದು ಚೆನ್ನಾಗಿ ಗೊತ್ತಿತ್ತು.

ಉಪಗ್ರಹ ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡಲು ನೆಲದ ಮೇಲಿನ ಸಾಕ್ಷಿ ಬೇಕು. ಅದಕ್ಕೆಂದು 1990ರ ಕೊನೆಯಲ್ಲಿ ದೊಡ್ಡಬಳ್ಳಾಪುರದಿಂದ ದೊಡ್ಡಬೆಳವಂಗಲದ ಕಡೆಗೆ ಹೋಗುವ ರಸ್ತೆಯ ಪಕ್ಕದ ದಿಣ್ಣೆಯ ಮೇಲೆ ಒಂದು ಕೋಣೆ, ಅದರ ಮೇಲೊಂದು ತಾರಸಿ ಕಟ್ಟಿಸಿದೆವು. ಪಡುವಣ ದಿಕ್ಕಿಗೆ ಒಂದು ಮರವೂ ಅಡ್ಡ ಇರಲಿಲ್ಲ. ತಾರಸಿಯ ಮೇಲೆ ನೆತ್ತಿಗೆ ಮುಖ ಮಾಡಿದ ಒಂದು ಕೊಳವೆ, ಅದರೊಳಗೆ ಬೆಳಕು ಅಳೆಯುವ ಫೋಟೋಮೀಟರ್, ಕೆಳಗೆ ಮುಳ್ಳು ಅಲ್ಲಾಡುವ ಮೀಟರ್. ಹೊತ್ತು ಮುಳುಗಿದ ಮೇಲೆ ಭೂಮಿಯ ನೆರಳು ಮೆಲ್ಲಗೆ ಆಕಾಶಕ್ಕೆ ಏರುತ್ತದೆ. ಸುಮಾರು ಇಪ್ಪತ್ತು ನಿಮಿಷಕ್ಕೆ ನೆರಳು ನೆತ್ತಿಯಲ್ಲಿ ಇಪ್ಪತ್ತು ಕಿಲೋಮೀಟರ್ ಮುಟ್ಟಿರುತ್ತದೆ, ಆಗ ಅದಕ್ಕಿಂತ ಮೇಲಿನ ಗಾಳಿಗೆ ಮಾತ್ರ ಬಿಸಿಲು. ನಿಮಿಷ ನಿಮಿಷಕ್ಕೂ ಬೆಳಕು ಎಷ್ಟು ಇಳಿಯಿತು ಎಂದು ಬರೆದಿಟ್ಟರೆ ಯಾವ ಎತ್ತರದಲ್ಲಿ ಏರೋಸಾಲ್ ಇದೆ ಎಂದು ಹೇಳಬಹುದು. ಮುಸ್ಸಂಜೆಯ ಅಳತೆ ಎಂದರೆ ಇಷ್ಟೇ.

ಅಳೆಯಲು ಪ್ರತಿ ಸಂಜೆ ಒಬ್ಬ ಮನುಷ್ಯ ಬೇಕಲ್ಲ! ಹಾಗೆ ಬಂದವರು ಚೌಡಪ್ಪ. ಐವತ್ತರ ಆಸುಪಾಸು, ತೆಳ್ಳನೆಯ ಆಳು, ನೇಕಾರರ ಮನೆತನ. ಅಣ್ಣತಮ್ಮಂದಿರು ಪವರ್‌ಲೂಮ್ ನಡೆಸುತ್ತಿದ್ದರೆ ಇವರು ಸೀರೆಯ ರೇಷ್ಮೆಗೆ ಬಣ್ಣ ಹಾಕುವವರು. ಮೂವತ್ತು ವರ್ಷ ಬಿಸಿನೀರಿನ ತೊಟ್ಟಿಯಲ್ಲಿ ಕೈಯಾಡಿಸಿ ಬೆರಳುಗಳು ಬಿರಿದು ಹೋಗಿದ್ದವು. ಡಾಕ್ಟರು ಸ್ವಲ್ಪ ಕಾಲ ಬಣ್ಣ ಮುಟ್ಟಬೇಡಿ ಎಂದಿದ್ದರಂತೆ. ಎಂಟನೇ ತರಗತಿ ಓದಿದ್ದರು, ಅಂಕಿ ದುಂಡಗೆ ಬರೆಯುತ್ತಿದ್ದರು, ಗಡಿಯಾರಕ್ಕಿಂತ ಮುಂಚೆ ತಾರಸಿಯ ಮೇಲೆ ಇರುತ್ತಿದ್ದರು. ನಾನು ಪ್ರತಿ ಸೋಮವಾರ ಬೆಳಿಗ್ಗೆ ಸಂಸ್ಥೆಯ ಜೀಪಿನಲ್ಲಿ ಹೋಗಿ ರಿಜಿಸ್ಟರ್ ನೋಡಿ, ನಕಲು ತೆಗೆದುಕೊಂಡು, ಸಾಯಂಕಾಲ ನಾಲ್ಕಕ್ಕೆ ಹೊರಟುಬಿಡುತ್ತಿದ್ದೆ. ಮುಸ್ಸಂಜೆಯ ಸ್ಟೇಷನ್ನಿನಲ್ಲಿ ನಾನು ಒಂದು ಮುಸ್ಸಂಜೆಯೂ ಉಳಿಯಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಬಣ್ಣಗಾರರ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಮಗ್ಗದ ಯಜಮಾನರು ರೇಷ್ಮೆಯ ಲಡಿಗಳ ಜೊತೆಗೆ ಬೆರಳುದ್ದದ ಒಂದು ಬಣ್ಣದ ದಾರ ಕೊಡುತ್ತಾರೆ. ಅದೇ ಸ್ಯಾಂಪಲ್ಲು. ಹಾಕಿದ ಬಣ್ಣ ಆ ಸ್ಯಾಂಪಲ್ಲಿಗೆ ಕೂಡಬೇಕು. ಕೂಡದಿದ್ದರೆ ಮತ್ತೆ ಅದ್ದಬೇಕು, ಮತ್ತೆ ನೋಡಬೇಕು. ಸ್ಯಾಂಪಲ್ಲೇ ತಪ್ಪಿರಬಹುದು ಎಂದು ಬಣ್ಣಗಾರ ಹೇಳುವ ಹಾಗಿಲ್ಲ. ಇದನ್ನು ಚೌಡಪ್ಪನವರೇ ಒಂದು ಸೋಮವಾರ ನನಗೆ ವಿವರಿಸಿದ್ದರು. ನಾನು ಹೂಂಗುಟ್ಟುತ್ತಾ ಅಂಕಿಗಳನ್ನು ನಕಲು ಮಾಡುತ್ತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಎರಡು ಮೂರು ಮಳೆ ಬಿದ್ದು ಕೊಳವೆಯೊಳಕ್ಕೆ ತೇವ ಸೇರಿತು. ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಬದಲಾಯಿಸಿರಲಿಲ್ಲ. ಒಂದು ವಾರ ಮುಳ್ಳು ಇಳಿಯಬೇಕಾದ ಹಾಗೆ ಇಳಿಯಲೇ ಇಲ್ಲ. ನಾನು ರೇಗಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಳ್ಳೆಯ ಸಂಜೆಗಳ ಸರಾಸರಿ ತೆಗೆದು, ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ನಿಮಿಷಕ್ಕೊಂದು ಅಂಕಿ ಬರೆದು ಕೋಣೆಯ ಗೋಡೆಗೆ ಅಂಟಿಸಿದೆ.

"ನೋಡಿ ಚೌಡಪ್ಪನವರೇ, ಇದು ಸ್ಯಾಂಪಲ್ಲು ಅಂತಿಟ್ಟುಕೊಳ್ಳಿ. ಹೀಗೆ ಬರಬೇಕು. ಹೀಗೆ ಬರಲಿಲ್ಲ ಅಂದ್ರೆ ಎಲ್ಲೋ ತಪ್ಪಾಗಿದೆ ಅಂತ. ಸರಿ ಮಾಡಿ" ಎಂದೆ.

"ಸ್ಯಾಂಪಲ್ಲು ಕೊಟ್ರಲ್ಲ, ಇನ್ ಬಿಡಿ ಮೇಡಮ್ಮೋರೆ" ಎಂದರು. ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದೆನೆಂದು ನನಗೆ ಹೆಮ್ಮೆ. ನಾನು ಹೊಸಕೋಟೆ ತಾಲೂಕಿನ ಸಮೇತನಹಳ್ಳಿಯಲ್ಲಿ ಹುಟ್ಟಿದವಳು, ಜನರ ಮಾತು ನನಗೆ ಗೊತ್ತು ಎಂದು ಜೀಪಿನಲ್ಲಿ ಡ್ರೈವರ್ ಮುಂದೆ ಕೊಚ್ಚಿಕೊಂಡೆ ಬೇರೆ.

ಜೂನ್ 15ರಂದು ಫಿಲಿಪೀನ್ಸ್ ದೇಶದಲ್ಲಿ ಪಿನಾಟುಬೋ ಎಂಬ ಜ್ವಾಲಾಮುಖಿ ಸಿಡಿಯಿತು. ಅದು ಕಾರಿದ ಗಂಧಕದ ಅನಿಲ ಸ್ಟ್ರಾಟೋಸ್ಫಿಯರ್‌ಗೆ ನುಗ್ಗಿ, ಅಲ್ಲಿ ಗಂಧಕಾಮ್ಲದ ಹನಿಗಳಾಗಿ, ಗಾಳಿಯ ಜೊತೆ ಪಡುವಣಕ್ಕೆ ಹೊರಟಿತು. ಆ ಜ್ವಾಲಾಮುಖಿಯೂ ದೊಡ್ಡಬಳ್ಳಾಪುರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದವು. ನಮ್ಮ ತಲೆಯ ಮೇಲೆ ಅದು ಬಂದೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಯಾವಾಗ, ಎಷ್ಟು ಎತ್ತರದಲ್ಲಿ ಎಂಬುದೇ ಪ್ರಶ್ನೆ. ಜೀವಮಾನಕ್ಕೊಮ್ಮೆ ಸಿಗುವ ಅವಕಾಶ ಎಂದು ನಾನು ಸೋಮವಾರಗಳಿಗಾಗಿ ಕಾದೆ.

ರಿಜಿಸ್ಟರಿನಲ್ಲಿ ಏನೂ ಇರಲಿಲ್ಲ. ಜೂನ್ ಕೊನೆಯ ವಾರ, ಜುಲೈ, ಆಗಸ್ಟ್, ಮೋಡವಿಲ್ಲದ ಎಲ್ಲ ಸಂಜೆಗಳಲ್ಲೂ ಬೆಳಕು ಅಚ್ಚುಕಟ್ಟಾಗಿ, ಮಾರ್ಚ್ ತಿಂಗಳಿನ ಹಾಗೆಯೇ ಇಳಿದಿತ್ತು. ಅಷ್ಟರಲ್ಲಿ ಉಪಗ್ರಹದ ಅಳತೆಗಳನ್ನು ತುಂಬಿದ ಮೊದಲ ಟೇಪುಗಳು ಬಂದವು. ಅವುಗಳಲ್ಲಿ ನಮ್ಮ ಅಕ್ಷಾಂಶದ ಬಹಳಷ್ಟು ಪ್ರೊಫೈಲುಗಳು ಇಪ್ಪತ್ತಮೂರು ಕಿಲೋಮೀಟರ್ ಹತ್ತಿರ ತಟ್ಟನೆ ಕಡಿದುಹೋಗಿದ್ದವು. ಅದರ ಕೆಳಗೆ ಸೂರ್ಯನ ಬೆಳಕೇ ಇಲ್ಲ. ಬೆಳಕು ಪೂರ್ತಿ ಸತ್ತರೆ ಮೋಡ ಎಂದು ಗುರುತು ಹಾಕಿ ಆ ಪ್ರೊಫೈಲನ್ನು ಎಸೆದುಬಿಡು ಎಂದು ನನ್ನ ಪ್ರೋಗ್ರಾಮಿಗೆ ಎಂದೋ ಹೇಳಿಕೊಟ್ಟಿದ್ದೆ. ಅದು ಹೇಳಿದಂತೆ ಕೇಳಿತು. ಹದಿನೇಳು ಕಿಲೋಮೀಟರಿಗೆ ಮುಗಿಯುವ ಮೋಡ ಇಪ್ಪತ್ತಮೂರಕ್ಕೆ ಹೇಗೆ ಹತ್ತಿತು ಎಂದು ನಾನು ಒಮ್ಮೆ ಕೇಳಿಕೊಳ್ಳಬೇಕಿತ್ತು. ಮುಂಗಾರು ಅಲ್ಲವೇ, ಅಳತೆಯಲ್ಲಿ ಏನೋ ಹೆಚ್ಚುಕಡಿಮೆ ಎಂದುಕೊಂಡೆ. ನೆಲದ ಸಾಕ್ಷಿ ಬೇರೆ ನನ್ನ ಕಡೆಗಿತ್ತು. ನನ್ನ ಕೋಣೆಗೆ ಏರ್ ಕಂಡೀಷನ್ ಇತ್ತು, ಕಿಟಕಿ ಇರಲಿಲ್ಲ.

ಜುಲೈ ತಿಂಗಳ ಒಂದು ಸೋಮವಾರ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಬಣ್ಣಬಣ್ಣದ ರೇಷ್ಮೆ ದಾರ ಅಂಟಿಸಿರುವುದು ಕಣ್ಣಿಗೆ ಬಿತ್ತು. ಹಳದಿ, ಕೇಸರಿ, ಕುಂಕುಮ, ನೇರಳೆ.

"ಏನಿದು? ಸರ್ಕಾರಿ ಪುಸ್ತಕದಲ್ಲಿ ಚಿಂದಿ ಅಂಟಿಸ್ತಾರೇನ್ರೀ?" ಎಂದು ಗದರಿದೆ.

ಚೌಡಪ್ಪ ಸಂಕೋಚದಿಂದ ತಲೆ ಕೆರೆದುಕೊಂಡರು. "ಸಂಜೆ ಹೊತ್ನಾಗೆ ಪಡುವಣ ಒಂಥರಾ ಬಣ್ಣ ಹಾಕ್ತಾ ಐತೆ ಮೇಡಮ್ಮೋರೆ. ಇಷ್ಟು ವರ್ಷದಲ್ಲಿ ಇಂಥ ನೇರಳೆ ನಾನ್ ಕಂಡಿಲ್ಲ. ಒಂದಿನ ನಿಂತು ನೋಡ್ಬಿಟ್ಟು ಹೋಗಿ."

"ಜೀಪು ನಾಲ್ಕು ಗಂಟೆಗೆ ಹೊರಡಬೇಕು. ಬಣ್ಣ ಕಟ್ಕೊಂಡು ನನಗೇನಾಗಬೇಕು? ಮೀಟರ್ ಸರಿಯಾಗಿದೆಯಾ, ಅಷ್ಟು ಹೇಳಿ."

"ಸ್ಯಾಂಪಲ್ಲಿಗೆ ಸರಿಯಾಗೈತೆ" ಎಂದರು.

ಮೂವತ್ತು ವರ್ಷದಿಂದ ಈ ಮೂರು ನಾಲ್ಕು ಮಾತುಗಳು ನನ್ನ ಕಿವಿಯಲ್ಲಿ ಕೂತಿವೆ. ಎಷ್ಟು ಸ್ಪಷ್ಟವಾಗಿ ಹೇಳಿದ್ದರು ಮನುಷ್ಯ! ಆ ಒಂದು ದಿನ ಜೀಪನ್ನು ಮೂರೂವರೆ ಗಂಟೆ ನಿಲ್ಲಿಸಿಕೊಂಡಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನಾನು ದಾರದ ಪುಟಗಳನ್ನು ಕಿತ್ತು ಅವರ ಕೈಗೆ ಕೊಟ್ಟು ಹೊರಟೆ.

ಸೆಪ್ಟೆಂಬರಿನಲ್ಲಿ ಒಂದು ವಿಚಾರ ಸಂಕಿರಣ. ನೆಲದ ಅಳತೆ ಮತ್ತು ಉಪಗ್ರಹ ಎರಡೂ ಒಂದನ್ನೊಂದು ಒಪ್ಪುತ್ತಿವೆ, ಆಗಸ್ಟ್ ಕೊನೆಯವರೆಗೂ ನಮ್ಮ ಅಕ್ಷಾಂಶದ ಮೇಲೆ ಹೇಳಿಕೊಳ್ಳುವಂಥ ಏರೋಸಾಲ್ ಹೆಚ್ಚಳ ಇಲ್ಲ, ಆದ್ದರಿಂದ ನಮ್ಮ ಓಜೋನ್ ಪ್ರೊಫೈಲುಗಳೂ ಸರಿ ಎಂದು ನಾನು ಗಂಟಲೆತ್ತಿ ಮಾತನಾಡಿ ಕೂತೆ. ಆಮೇಲೆ ಬೇರೊಂದು ಊರಿನಿಂದ ಬಂದಿದ್ದ ಹಿರಿಯರೊಬ್ಬರು ಎದ್ದರು. ಅವರ ಹತ್ತಿರ ಲೈಡಾರ್ ಇತ್ತು, ಅಂದರೆ ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟು ಅದು ಯಾವ ಎತ್ತರದಿಂದ ಚದುರಿ ವಾಪಸು ಬಂತೆಂದು ನೋಡುವ ಯಂತ್ರ. ಅವರ ಚಿತ್ರದಲ್ಲಿ ಇಪ್ಪತ್ತರ ಮೇಲೆ ಏರೋಸಾಲ್ ಪದರ ಗೋಡೆಯ ಹಾಗೆ ನಿಂತಿತ್ತು. ಜುಲೈನದೇ ಚಿತ್ರ.

"ನೀವು ಸಂಜೆ ಹೊತ್ತು ಆಕಾಶ ನೋಡಲಿಲ್ಲವೇನಮ್ಮ?" ಎಂದು ಅವರು ಮೆತ್ತಗೆ ಕೇಳಿದರು. ಸಭೆ ನಕ್ಕಿತು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ವಾಪಸು ಬಂದವಳೇ ರಿಜಿಸ್ಟರಿನ ನಕಲುಗಳನ್ನು ತೆರೆದು ಗೋಡೆಯ ಹಾಳೆಯ ನಕಲನ್ನು ಪಕ್ಕಕ್ಕಿಟ್ಟುಕೊಂಡೆ. ಜೂನ್ ಕೊನೆಯ ವಾರದಿಂದ ಪ್ರತಿ ಸಂಜೆಯ ಅಂಕಿಗಳೂ ನನ್ನ ಹಾಳೆಯವೇ, ಎಲ್ಲೋ ಒಂದೆರಡು ಹೆಚ್ಚು, ಒಂದೆರಡು ಕಡಿಮೆ. ಮೈ ಉರಿದುಹೋಯಿತು. ನನಗೆ ಮೋಸ ಮಾಡಿದ ಎಂದುಕೊಂಡೆ. ನಿರ್ದೇಶಕರಿಗೆ ಬರೆದ ಟಿಪ್ಪಣಿಯಲ್ಲಿ ಅಂಕಿಗಳು ಕೃತಕ ಎಂದು ತೋರಿಸಿದೆ. ಅವು ಯಾವುದಕ್ಕೆ ಹೊಂದುತ್ತವೆ ಎಂದು ಬರೆಯಲಿಲ್ಲ. ಆಮೇಲಿನ ಸೋಮವಾರ ದಿಣ್ಣೆಗೆ ಹೋದಾಗ ಗೋಡೆಯ ಹಾಳೆಯನ್ನು ನಾನೇ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆ ಎಂದು ಆಗ ಕೇಳಿದ್ದರೆ, ಹಳೆಯ ಹಾಳೆ, ಕೊಳೆಯಾಗಿತ್ತು ಎನ್ನುತ್ತಿದ್ದೆನೋ ಏನೋ. ಗೋಡೆಯಲ್ಲಿ ಉಳಿದ ಅಂಟನ್ನೂ ಉಗುರಿನಿಂದ ಕೆರೆದದ್ದು ನೆನಪಿದೆ.

ಅಕ್ಟೋಬರಿನಲ್ಲಿ ಮೂವರ ವಿಚಾರಣಾ ಸಮಿತಿ ಚೌಡಪ್ಪನವರನ್ನು ಬೆಂಗಳೂರಿಗೆ ಕರೆಸಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ ಉಟ್ಟು ಬಂದಿದ್ದರು. ಮೇಜಿನ ಒಂದು ತುದಿಯಲ್ಲಿ ನಾನು ಕೂತಿದ್ದೆ.

ನಿರ್ದೇಶಕರು ರಿಜಿಸ್ಟರ್ ತಿರುಗಿಸಿ, "ಇದು ನೀವು ಮೀಟರ್ ನೋಡಿ ಬರೆದದ್ದಾ?" ಎಂದು ಕೇಳಿದರು.

"ಇಲ್ಲ ಸ್ವಾಮಿ. ಗಾಜು ಒರೆಸ್ದೆ, ಹರಳು ಬದಲಾಯಿಸ್ದೆ, ಆದ್ರೂ ಮುಳ್ಳು ಇಳೀಲಿಲ್ಲ. ನನ್ ಕಣ್ಣೇ ತಪ್ಪು ನೋಡ್ತೈತೆ ಅನ್ಕೊಂಡು ಸ್ಯಾಂಪಲ್ಲಿಗೆ ಕೂಡ್ಸಿ ಬರೆದೆ."

"ಯಾವ ಸ್ಯಾಂಪಲ್ಲು? ಯಾರು ಕೊಟ್ಟದ್ದು?"

ಚೌಡಪ್ಪ ನನ್ನ ಮುಖ ನೋಡಿದರು. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಹೇಳಲಾ ಬೇಡವಾ ಎಂದು ಅಪ್ಪಣೆ ಕೇಳುವ ನೋಟ. ನಾನು ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದೆ.

"ತಪ್ಪಾಯ್ತು ಸ್ವಾಮಿ" ಎಂದು ಅವರು ಕೈ ಮುಗಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಜ್ವರ ಬಂದ ಎತ್ತೇ ಕಾದ ಸಲಾಕೆ ಹಿಡಿದು ನಿಂತಿತ್ತು. ಸುಳ್ಳು ನಮೂದುಗಳಿಗಾಗಿ ಕೆಲಸದಿಂದ ತೆಗೆಯಲಾಗಿದೆ ಎಂಬ ಇಂಗ್ಲಿಷ್ ಪತ್ರ ವಾರದೊಳಗೆ ಅಂಚೆಯಲ್ಲಿ ಹೋಯಿತು. ನನಗೆ ಒಂದು ಮೌಖಿಕ ಎಚ್ಚರಿಕೆ ಸಿಕ್ಕಿತು, ಅಷ್ಟೇ.

ಆಮೇಲೆ ಶುರುವಾಯಿತು ನನ್ನ ಶಿಕ್ಷೆ. ಮಳೆಗಾಲ ಮುಗಿದು ಆಕಾಶ ತೊಳೆದ ಹಾಗಾಯಿತು. ನವೆಂಬರಿನ ಒಂದು ಸಂಜೆ ಬಸ್ಸಿಗೆ ನಿಂತಿದ್ದಾಗ ಪಕ್ಕದಲ್ಲಿದ್ದ ಹೆಂಗಸು, "ನೋಡ್ರೀ, ಆಕಾಶಕ್ಕೆ ಏನಾಯ್ತು!" ಎಂದಳು. ತಲೆಯೆತ್ತಿದೆ. ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಕತ್ತಲಾಗಬೇಕಿದ್ದ ಪಡುವಣದಲ್ಲಿ ಕೆಳಗೆ ಕೆಂಡದ ಕೆಂಪು, ಮೇಲೆ ಗಾಢ ನೇರಳೆ. ನಾನು ಹರಿದು ಕೈಗೆ ಕೊಟ್ಟ ಪುಟದ ಮೇಲಿದ್ದ ಅದೇ ನೇರಳೆ. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ. ಅವತ್ತಿನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ, ಮೋಡವಿಲ್ಲದ ಪ್ರತಿ ಸಂಜೆ ಆಕಾಶ ನನ್ನ ವಿರುದ್ಧ ಸಾಕ್ಷಿ ಹೇಳಿತು. ಮನೆಯಲ್ಲಿ ಪಡುವಣದ ಕಿಟಕಿಗೆ ಪರದೆ ಹಾಕಿಸಿದೆ. ಗೋಡೆಯ ಮೇಲೆ ಬೆಳಕು ಬೀಳುತ್ತಿತ್ತು. ನೆಂಟರು ಬಂದು, ಎಂಥ ಚೆಂದದ ಸಂಜೆ ಎಂದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ.

1992ರ ಮೊದಲ ತಿಂಗಳುಗಳಲ್ಲಿ ಪ್ರೋಗ್ರಾಮಿನಿಂದ ಮೋಡದ ನಿಯಮ ತೆಗೆದುಹಾಕಿ ಟೇಪುಗಳನ್ನು ಮತ್ತೆ ಓಡಿಸಿದೆ. ಎಸೆದಿದ್ದ ಪ್ರೊಫೈಲುಗಳೇ ಸತ್ಯವಾಗಿದ್ದವು. ಪದರ ಎಷ್ಟು ದಟ್ಟವಾಗಿತ್ತೆಂದರೆ ಬಿಸಿಲು ಅದನ್ನು ಅಡ್ಡಲಾಗಿ ದಾಟಲಾರದೆ ಅಲ್ಲೇ ಸತ್ತಿತ್ತು. ಆದರೆ ಈಗ ಇದನ್ನು ನಂಬುವುದು ಹೇಗೆ? ಪದರ ಬಂದು ಸೇರಿದ ಆ ಮೊದಲ ವಾರಗಳಿಗೆ ನಮ್ಮ ಸ್ಟೇಷನ್ನಿನ ನೆಲದ ಸಾಕ್ಷಿ ಇರಲಿಲ್ಲ.

ಮಾರ್ಚಿನಲ್ಲಿ ಸ್ಟೇಷನ್ ಮುಚ್ಚಲು ಹೋದೆ. ಬೀರುವಿನ ಕೆಳಗಿನ ಅರೆಯಲ್ಲಿ ಸೀರೆ ಡಬ್ಬಿಯ ರಟ್ಟುಗಳ ಒಂದು ಕಟ್ಟು ಸಿಕ್ಕಿತು. ರಟ್ಟಿಗೆ ಕಚ್ಚು ಹಾಕಿ ಒಂದೊಂದು ಕಚ್ಚಿಗೂ ಒಂದೊಂದು ರೇಷ್ಮೆ ಎಳೆ ಸುತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು. ನಾನು ಹರಿದುಕೊಟ್ಟವನ್ನೂ ಬಿಡಿಸಿ ಸೇರಿಸಿದ್ದರು. ಎಣಿಸಿದೆ, ಎಪ್ಪತ್ತಮೂರು ಎಳೆ. ಮೇ ತಿಂಗಳ ಎಳೆಗಳು ಒಣಹುಲ್ಲಿನ ಹಳದಿ. ಜೂನ್ ಕೊನೆಗೆ ಕೇಸರಿ, ಆಮೇಲೆ ಕುಂಕುಮ, ಜುಲೈಗೆ ನೇರಳೆ. ಎಳೆಗಳ ಉದ್ದ ಒಂದೇ ಸಮ ಇರಲಿಲ್ಲ. ಹಳದಿಯವು ಗಿಡ್ಡ, ನೇರಳೆಯವು ಉದ್ದ. ಆ ಮನುಷ್ಯ ಸುಮ್ಮನೆ ಕತ್ತರಿಸಿದವನಲ್ಲ, ಉದ್ದಕ್ಕೆ ಏನೋ ಅರ್ಥವಿದೆ ಎಂದು ಹೊಳೆಯಿತು. ಏನೆಂದು ಹೇಳಬಲ್ಲವರು ಒಬ್ಬರೇ.

ಮಗ್ಗಗಳ ಖಟಖಟ ಸದ್ದಿನ ಬೀದಿಯಲ್ಲಿ ಅವರ ಮನೆ ಹುಡುಕಿದೆ. ಹಿತ್ತಲಿನಲ್ಲಿ ಬಣ್ಣದ ತೊಟ್ಟಿ ಬೋರಲು ಬಿದ್ದಿತ್ತು. ಅವರ ಹೆಂಡತಿ ಗಂಗಮ್ಮ ನನ್ನನ್ನು ಗುರುತು ಹಿಡಿದು ನೀರು ಕೊಟ್ಟರು, ಕೂರಿ ಎನ್ನಲಿಲ್ಲ.

"ಇವರ ಕೈ ವಾಸಿಯಾಗೈತೆ ಕಣಮ್ಮ. ಆದ್ರೆ ಯಾರೂ ಒಂದು ಲಡಿ ನೂಲು ಕೊಡ್ತಿಲ್ಲ. ನಿಮ್ ಆಫೀಸಿನ ಇಂಗ್ಲಿಷ್ ಕಾಗ್ದ ಬಂತಲ್ಲ, ಏನೈತೋ ಅಂತ ಸೀರೆ ಅಂಗಡಿ ಗುಮಾಸ್ತರ ಹತ್ರ ಓದಿಸಕ್ಕೆ ಹೋದ್ರು. ಆವಯ್ಯ ನಾಕು ಜನರ ಮುಂದೆ ಜೋರಾಗಿ ಓದ್ಬಿಟ್ಟ. ಸುಳ್ಳು ಬರೆದೋರ ಕೈಗೆ ರೇಷ್ಮೆ ಯಾರು ಕೊಡ್ತಾರೆ?"

ಲಡಿಗಟ್ಟಲೆ ರೇಷ್ಮೆಯನ್ನು ಬರಿಯ ನಂಬಿಕೆಯ ಮೇಲೆ ಒಬ್ಬನ ಮನೆಗೆ ಕಳಿಸುವ ಕಸುಬು ಅದು. ಹೆಸರು ಹೋದರೆ ಬಣ್ಣಗಾರ ಮುಗಿದ ಹಾಗೆ. ಈ ಒಂದು ಸಂಗತಿ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಚೌಡಪ್ಪ ಒಳಗಿನಿಂದ ಬಂದು, "ಬಂದೋರನ್ನ ನಿಲ್ಸಿ ಮಾತಾಡ್ತಾರೇನೆ?" ಎಂದು ಹೆಂಡತಿಗೆ ಗದರಿ ಚಾಪೆ ಹಾಸಿದರು. ನಾನು ರಟ್ಟುಗಳನ್ನು ಮುಂದಿಟ್ಟೆ. ಅವರ ಮುಖ ಅರಳಿತು.

"ಎಸೆದುಬಿಟ್ರೇನೋ ಅನ್ಕೊಂಡಿದ್ದೆ. ನೀವು ಗೋಡೆಗೆ ಸ್ಯಾಂಪಲ್ಲು ಅಂಟಿಸ್ದಾಗ್ಲೇ ಆಕಾಶಕ್ಕೂ ಒಂದು ಸ್ಯಾಂಪಲ್ಲು ಇರ್ಲಿ ಅಂತ ಶುರು ಮಾಡಿದ್ದೆ. ಆಮೇಲೆ ಅಂಕಿ ಸ್ಯಾಂಪಲ್ಲಿಗೆ ಕೂಡ್ಸಿದ್ದು ಮನಸಿಗೆ ಸರಿಬೀಳಲಿಲ್ಲ ಮೇಡಮ್ಮೋರೆ. ಕಂಡಿದ್ದು ಎಲ್ಲಾದ್ರೂ ಇರ್ಲಿ ಅಂತ ಮಾಡಿಟ್ಟೆ. ಬಣ್ಣ ಸಂಜೆ ನೋಡಿ ತಲೇಲಿ ಇಟ್ಕೊಂಡು, ಬೆಳಿಗ್ಗೆ ಬಿಸ್ಲಲ್ಲಿ ದಾರ ಹುಡುಕ್ತಿದ್ದೆ."

"ಉದ್ದ?"

"ಹೊತ್ತು ಮುಳುಗಿದಾಗಿಂದ ಬಣ್ಣ ಪೂರ್ತಿ ಹೋಗೋವರ್ಗೂ, ನಿಮಿಷಕ್ಕೆ ಒಂದು ಬೆರಳಗಲ."

ನಾನು ಬ್ಯಾಗಿನಿಂದ ಸ್ಕೇಲು ತೆಗೆದೆ. ಅವರು ನಗುತ್ತಾ ತೋರುಬೆರಳು ಚಾಚಿದರು. ಉಗುರಿನ ಸಂದಿಯಲ್ಲಿ ಯಾವ ಕಾಲದ್ದೋ ನೀಲಿ ಇನ್ನೂ ಉಳಿದಿತ್ತು. ಹದಿನೆಂಟು ಮಿಲಿಮೀಟರ್. ಅಲ್ಲೇ ಕೂತು ಎಳೆಗಳನ್ನು ಬಿಡಿಸಿ ಅಳೆದೆವು, ಅವರು ತುದಿ ಹಿಡಿದರು, ನಾನು ಬರೆದುಕೊಂಡೆ. ಮೇ ತಿಂಗಳಲ್ಲಿ ಇಪ್ಪತ್ತೈದು ನಿಮಿಷಕ್ಕೆ ಆರುತ್ತಿದ್ದ ಬಣ್ಣ ಜುಲೈಯಲ್ಲಿ ನಲವತ್ತು ನಿಮಿಷ ನಿಂತಿತ್ತು. ಸೂರ್ಯ ಅಷ್ಟು ಕೆಳಗಿಳಿದ ಮೇಲೂ ಬೆಳಗುವ ಪದರ ಎಷ್ಟು ಎತ್ತರದಲ್ಲಿರಬೇಕು ಎಂಬುದು ಸರಳ ರೇಖಾಗಣಿತ. ಚಾಪೆಯ ಮೇಲೇ ಲೆಕ್ಕ ಹಾಕಿದೆ. ಇಪ್ಪತ್ತೆರಡರಿಂದ ಇಪ್ಪತ್ತೈದು ಕಿಲೋಮೀಟರ್. ನನ್ನ ಉಪಗ್ರಹದ ಪ್ರೊಫೈಲು ಕಡಿದುಹೋದದ್ದು ಇಪ್ಪತ್ತಮೂರರಲ್ಲಿ.

ನನಗೆ ಅಳು ಬಂತು. "ಸ್ಯಾಂಪಲ್ಲು ಕೊಟ್ಟದ್ದು ಮೇಡಮ್ಮೋರು ಅಂತ ಅವತ್ತು ಯಾಕೆ ಹೇಳಲಿಲ್ಲ ಚೌಡಪ್ಪನವರೇ?" ಎಂದೆ.

"ನೀವು ಹೇಳ್ತೀರ ಅನ್ಕೊಂಡೆ" ಎಂದರು.

ಸಂಸ್ಥೆಗೆ ಪತ್ರ ಬರೆದು ಸರಿಪಡಿಸುತ್ತೇನೆ ಎಂದು ಎದ್ದೆ. ಅವರು ಬಾಗಿಲವರೆಗೆ ಬಂದರು. "ಆಫೀಸಿಗೆ ಏನಾದ್ರೂ ಬರ್ಕೊಳ್ಳಿ. ನನಗೆ ಮಾತ್ರ ಒಂದು ಕಾಗ್ದ ಕನ್ನಡ್ದಲ್ಲಿ ಬರೆದುಕೊಡಿ. ಅದೇ ಅಂಗಡೀಲಿ, ಅದೇ ಗುಮಾಸ್ತರ ಕೈಲಿ ಓದಿಸ್ಬೇಕು. ಸ್ಯಾಂಪಲ್ಲು ನಿಮ್ದು ಅಂತ ಒಂದು ಮಾತಿರ್ಲಿ, ಸಾಕು."

"ಮುಂದಿನ ವಾರ ತಂದುಕೊಡ್ತೀನಿ" ಎಂದೆ.

ಈಗ ನನ್ನ ಯೋಗ್ಯತೆ ನೋಡಿ. ಇಂಗ್ಲಿಷ್ ವರದಿ ಹದಿನೈದು ದಿನಕ್ಕೆ ಮುಗಿಯಿತು. ದಾರದ ಅಳತೆಯನ್ನು 'ಸ್ಥಳೀಯ ವೀಕ್ಷಣೆ' ಎಂದು ಕರೆದೆ. ಗೋಡೆಯ ಹಾಳೆಯನ್ನು 'ಸೂಚನೆಗಳಲ್ಲಿನ ಅಸ್ಪಷ್ಟತೆ' ಎಂದು ಕರೆದೆ. ವರದಿಯನ್ನು ಎಲ್ಲರೂ ಮೆಚ್ಚಿದರು. ಕಡತ ಮುಚ್ಚಲಾಗಿದೆ ಎಂದು ಆಡಳಿತ ವಿಭಾಗದಿಂದ ಎರಡು ಸಾಲಿನ ಉತ್ತರ ಬಂತು. ಕನ್ನಡದ ಕಾಗದಕ್ಕೆ ಕೂತಾಗಲೆಲ್ಲ ಕೈ ನಿಲ್ಲುತ್ತಿತ್ತು. ಕನ್ನಡದಲ್ಲಿ ಅಸ್ಪಷ್ಟತೆ ಎಂದು ಬರೆದರೆ ಆ ಗುಮಾಸ್ತ ನಗುತ್ತಾನೆ. ಹಾಳೆ ನಾನು ಕೊಟ್ಟೆ, ಕೇಳಿದಾಗ ಬಾಯಿ ಮುಚ್ಚಿಕೊಂಡೆ ಎಂದೇ ಬರೆಯಬೇಕು. ಆ ವರ್ಷ ನನ್ನ ಬಡ್ತಿಯ ಸಂದರ್ಶನವಿತ್ತು. ಅದಾಗಲಿ ಎಂದುಕೊಂಡೆ. ಬಡ್ತಿ ಆಯಿತು. ಆಮೇಲೆ ಒಂದು ಸಮ್ಮೇಳನ. ಮುಂದಿನ ವಾರ ಎಂದದ್ದು ಹನ್ನೊಂದು ತಿಂಗಳಾಯಿತು.

1993ರ ಫೆಬ್ರವರಿಯಲ್ಲಿ ಕೊನೆಗೂ ಬರೆದು ಸಹಿ ಹಾಕಿ ತೆಗೆದುಕೊಂಡು ಹೋದೆ. ಮನೆಗೆ ಬೀಗ. ಎದುರು ಮನೆಯ ಮಗ್ಗ ನಿಲ್ಲಿಸಿ ಒಬ್ಬರು ಹೊರಗೆ ಬಂದರು.

"ಅವರು ದೀಪಾವಳಿಗೆ ಮುಂಚೆನೇ ಹೊರಟೋದ್ರಲ್ಲ. ಹಿಂದೂಪುರಾನೋ ಧರ್ಮಾವರಾನೋ, ಯಾರಿಗೂ ಹೇಳಿ ಹೋಗ್ಲಿಲ್ಲ. ಇಲ್ಲಿ ನೂಲು ಹುಟ್ಟಲಿಲ್ಲ, ಹೆಸರು ಗೊತ್ತಿಲ್ದಿರೋ ಊರಿಗೆ ಹೋಗ್ತೀವಿ ಅಂದ್ರು." ಅವರು ನನ್ನ ಕೈಲಿದ್ದ ಲಕೋಟೆ ನೋಡಿದರು. "ನೀವು ಆಫೀಸಿನ ಮೇಡಮ್ಮಾ? ಒಂದು ಕಾಗ್ದ ಬರ್ಬೇಕು ಅಂತ ದಿನಾ ಅಂಚೆಯವನ್ನ ಕೇಳೋರು."

ಬಸ್ ನಿಲ್ದಾಣಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಪಡುವಣಕ್ಕೆ ಮುಖ ಮಾಡಿ ನಿಂತು, ಗಡಿಯಾರ ನೋಡುತ್ತಾ ನನ್ನ ತೋರುಬೆರಳಿನಲ್ಲಿ ನಿಮಿಷ ಎಣಿಸಿದೆ. ಬಣ್ಣ ಬೇಗ ಆರಿತು. ಆ ಪದರ ತೆಳುವಾಗುತ್ತಾ ಬಂದಿತ್ತು, ಆಕಾಶವೂ ಸಾಕ್ಷಿ ಹೇಳುವುದನ್ನು ನಿಲ್ಲಿಸುತ್ತಿತ್ತು. ನನಗೆ ಸಮಾಧಾನವಾಗಬೇಕಿತ್ತು, ಭಯವಾಯಿತು.

ಧರ್ಮಾವರಕ್ಕೆ ಎರಡು ಸಲ, ಹಿಂದೂಪುರಕ್ಕೆ ಮೂರು ಸಲ ಹೋಗಿ ಬಣ್ಣದ ಮನೆಗಳಲ್ಲಿ ವಿಚಾರಿಸಿದೆ. ಸಿಗಲಿಲ್ಲ. ಇದ್ದರೆ ಈಗ ಎಂಬತ್ತು ದಾಟಿರಬೇಕು. ರಟ್ಟುಗಳು ನನ್ನ ಹತ್ತಿರ ಇವೆ. ಕತ್ತಲಲ್ಲೇ ಇಟ್ಟರೂ ನೇರಳೆ ಮಾಸುತ್ತಿದೆ, ಉದ್ದ ಮಾತ್ರ ಹಾಗೆಯೇ ಇದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಳೆಯುವವನಿಗೆ ನಿನಗೆ ಬೇಕಾದ ಉತ್ತರವನ್ನು ಮೊದಲೇ ತೋರಿಸಬೇಡ. ಅವನು ದುರ್ಬಲನಾಗಿದ್ದಷ್ಟೂ ನಿನ್ನ ಊಹೆಯನ್ನೇ ನಿನಗೆ ವಾಪಸು ಕೊಡುತ್ತಾನೆ, ತಪ್ಪನ್ನು ತನ್ನ ಕಣ್ಣಿನ ಮೇಲೆ ಹಾಕಿಕೊಳ್ಳುತ್ತಾನೆ. ಇದನ್ನು ಕಲಿಯಲು ನನಗೆ ತಗುಲಿದ ಬೆಲೆಯನ್ನು ಬೇರೆಯವರು ತೆತ್ತರು.

ಅವತ್ತು ತೆಗೆದುಕೊಂಡು ಹೋಗಿದ್ದ ಕಾಗದ ಲಕೋಟೆಯಲ್ಲೇ ಉಳಿದಿದೆ. ಅದು ನಾಲ್ಕು ಜನರ ಮುಂದೆ ಓದಿಸಬೇಕೆಂದು ಚೌಡಪ್ಪನವರು ಕೇಳಿದ್ದ ಕಾಗದ. ಇಲ್ಲಿ ಇಳಿಸುತ್ತಿದ್ದೇನೆ. ಸಾಧ್ಯವಾದರೆ ಜೋರಾಗಿ ಓದಿ.

'ದೊಡ್ಡಬಳ್ಳಾಪುರದ ಮಗ್ಗದ ಯಜಮಾನರಿಗೆ ನಮಸ್ಕಾರ. ಬಣ್ಣದ ಚೌಡಪ್ಪನವರು ಸುಳ್ಳುಗಾರರಲ್ಲ. ಅವರಿಗೆ ತಪ್ಪು ಸ್ಯಾಂಪಲ್ಲು ಕೊಟ್ಟವಳು ನಾನು. ಯಾರು ಕೊಟ್ಟರು ಎಂದು ಕೇಳಿದಾಗ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಅವರು ಕಂಡದ್ದನ್ನು ಕಂಡ ಹಾಗೆ ಎಪ್ಪತ್ತಮೂರು ದಿನ ಬರೆದಿಟ್ಟಿದ್ದಾರೆ, ನಾನು ನೋಡಲಿಲ್ಲ. ದಯವಿಟ್ಟು ಅವರ ಕೈಗೆ ನೂಲು ಕೊಡಿ.'